ಕಡೆಯ ಪಂಕ್ತಿ

ಆ ಮನೆಯಲ್ಲಿ ಬ್ರಾಹ್ಮಿಗೆ ಉಣ್ಣಬೇಡ ಎಂದವರು ಒಬ್ಬರೂ ಇರಲಿಲ್ಲ. ಇದನ್ನು ಅವಳ ಮಾವ ಭೀಮಗೊಂಡ ಬೀಗರ ಮುಂದೆ ಎದೆ ತಟ್ಟಿಕೊಂಡು ಹೇಳುತ್ತಿದ್ದ, ಮತ್ತು ಅದು ಸುಳ್ಳಾಗಿರಲಿಲ್ಲ. ಉಗಾರ ಬುದ್ರುಕದಲ್ಲಿ ಹೊಳೆದಂಡೆಗೆ ಹದಿನೆಂಟು ಎಕರೆ ಕಬ್ಬು, ಹಿತ್ತಲಲ್ಲಿ ನಾಲ್ಕು ಎಮ್ಮೆ, ಅಟ್ಟದ ಮೇಲೆ ಹೆಸರು, ಮಡಿಕೆಕಾಳು, ಕಡಲೆಯ ಚೀಲಗಳು. ಇಷ್ಟೆಲ್ಲ ಇದ್ದ ಮನೆಯಲ್ಲಿ ನಾಲ್ಕು ತಿಂಗಳ ಬಸುರಿ ಸೊಸೆ ವಾರಕ್ಕೆ ನಾಲ್ಕು ಸಂಜೆ ಬರಿಹೊಟ್ಟೆಯಲ್ಲಿ ಮಲಗುತ್ತಿದ್ದಳು. ಯಾರೂ ಬೇಡ ಎಂದಿರಲಿಲ್ಲ. ಹೊತ್ತು ಮುಳುಗುತ್ತಿತ್ತು, ಅಷ್ಟೇ.

ಮನೆ ಜೈನರದು. ಹೊತ್ತು ಮುಳುಗಿದ ಮೇಲೆ ತುತ್ತೆತ್ತುವಂತಿಲ್ಲ. ಗಂಡಸರು ಉಂಡೇಳುವ ತನಕ ಹೆಂಗಸರು ತಾಟಿಗೆ ಕೈ ಹಚ್ಚುವಂತಿಲ್ಲ. ಮೊದಲನೆಯದು ಶಾಸ್ತ್ರ. ಎರಡನೆಯದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಆದರೆ ಮೊದಲನೆಯದಕ್ಕಿಂತ ಅದೇ ಗಟ್ಟಿ. ಬೇಸಿಗೆಯಲ್ಲಿ ಎರಡೂ ಹೇಗೋ ಹೊಂದಿಕೊಂಡು ಹೋಗುತ್ತಿದ್ದವು. ದೀಪಾವಳಿ ಮುಗಿದು ಕಬ್ಬಿನ ಕಟಾವು ಶುರುವಾದರೆ ಭೀಮಗೊಂಡ ಮತ್ತು ಅವನ ಮಗ ನಿಖಿಲ ಹೊಲದಿಂದ ಬರುವುದೇ ಐದೂವರೆಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತ ಐದು ಐವತ್ತೆಂಟು. ಕೈಕಾಲು ತೊಳೆದು, ಫೋನಿನಲ್ಲಿ ಎರಡು ಮಾತು ಮುಗಿಸಿ, ಬಿಸಿ ಜೋಳದ ಭಕ್ರಿ ಒಂದೊಂದಾಗಿ ತಾಟಿಗೆ ಬಿದ್ದು, ಅಪ್ಪ ಮಗ ತೇಗಿ ಏಳುವ ಹೊತ್ತಿಗೆ ಐದು ಐವತ್ತೈದು. ಉಳಿದ ಮೂರು ನಿಮಿಷ ಬ್ರಾಹ್ಮಿಯದು.

"ಆಯಿ, ನಾ ಕೂಡ್ಲಿ?" ಎಂದು ಅವಳು ಅತ್ತೆ ಚಂದ್ರಮತಿಯನ್ನು ಕೇಳುತ್ತಿದ್ದಳು.

"ಈಗ ಕೂತು ಏನ ನುಂಗ್ತಿ? ಗಡಬಡ ಮಾಡಿ ಉಂಡ್ರ ಕೂಸಿಗೆ ಬಿಕ್ಕಳಿಕಿ ಬರ್ತಾವ. ಒಂದ ಹೊತ್ತ ಬಿಟ್ರ ಪುಣ್ಯಾ ಬರ್ತೈತಿ, ಬಿಡು."

"ಹಾಲರೆ ಕುಡೀಲಿ?"

ಚಂದ್ರಮತಿ ಕ್ಯಾಲೆಂಡರು ನೋಡಿ, ಗಡಿಯಾರ ನೋಡಿ, ಕಿಟಕಿಯಾಚೆ ನೋಡುತ್ತಿದ್ದಳು. ಅಷ್ಟರಲ್ಲಿ ಮೂರು ನಿಮಿಷವೂ ಮುಗಿಯುತ್ತಿದ್ದವು. "ಮುಳಗ್ತ ನೋಡ. ನಾಳಿ ಮುಂಜಾನೆ ಎರಡ ವಾಟೆ ಕುಡಿ."

ಮುಂಜಾನೆ ಎಂದರೆ ಬಸದಿಗೆ ಹೋಗಿ ಬಂದು, ಗಂಡಸರ ನಾಷ್ಟಾ ಆದ ಮೇಲೆ, ಒಂಬತ್ತೂವರೆ. ಹಿಂದಿನ ದಿನ ಮಧ್ಯಾಹ್ನ ಎರಡೂವರೆಗೆ ಉಂಡ ಭಕ್ರಿಯ ಮೇಲೆ ಬಸುರಿ ಹೆಣ್ಣು ಹತ್ತೊಂಬತ್ತು ತಾಸು ತಳ್ಳಬೇಕು.

ಚಂದ್ರಮತಿ ತಾನು ಹಸಿದಿರುತ್ತಿರಲಿಲ್ಲ. ಐದು ಗಂಟೆಗೆ ಒಲೆಯ ಮುಂದೆ ನಿಂತು ಅವಳು ಉಪ್ಪು ನೋಡುತ್ತಿದ್ದಳು. ಪಲ್ಯದ ಉಪ್ಪು ನೋಡಲು ಅರ್ಧ ಭಕ್ರಿ, ಆಮಟಿ ಸಾರಿನ ಉಪ್ಪು ನೋಡಲು ಇನ್ನರ್ಧ. ಮೂವತ್ತು ವರ್ಷ ಹೀಗೆ ಉಪ್ಪು ನೋಡಿಯೇ ಅವಳು ಬದುಕಿದ್ದಳು. ಈ ಉಪಾಯವನ್ನು ಸೊಸೆಗೆ ಮಾತ್ರ ಹೇಳಿಕೊಟ್ಟಿರಲಿಲ್ಲ.

ಇದನ್ನೆಲ್ಲ ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಕಾಳು ಆರಿಸುತ್ತ ನೋಡುತ್ತಿದ್ದವಳು ಚಂಪಾಬಾಯಿ, ಭೀಮಗೊಂಡನ ಅಕ್ಕ. ವಯಸ್ಸು ಅರವತ್ತೆಂಟು. ಇಪ್ಪತ್ತೇಳಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಂದಿನಿಂದ ದಿನಕ್ಕೆ ಒಂದೇ ಊಟ, ಮಧ್ಯಾಹ್ನ. ನಲವತ್ತೊಂದು ವರ್ಷ ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟದವಳೆಂದು ಊರಲ್ಲಿ ಅವಳಿಗೆ ಹೆಸರಿತ್ತು. ಆ ಹೆಸರನ್ನು ತಮ್ಮ ಎಲ್ಲೆಡೆ ಬಳಸುತ್ತಿದ್ದ. ಬಸದಿಯ ಕಮಿಟಿಗೆ ಸೇರಿದ ಮೇಲೆ ಅವನು ಕೆಮ್ಮುವುದೂ ಭಾಷಣದ ಹಾಗೆ ಕೇಳಿಸುತ್ತದೆಂದು ಚಂಪಾಬಾಯಿಗೆ ಅನಿಸುತ್ತಿತ್ತು. ಸೊಸೆಯ ಮೇಲೂ ಅವಳಿಗೆ ಹೆಚ್ಚಿನ ಗೌರವವಿರಲಿಲ್ಲ. ಏಕಸಂಬಿಯ ಹುಡುಗಿ, ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಓದಿದವಳು, ಹಸಿವಾಗಿದೆ ಎನ್ನಲು ಬಾಯಿ ಬರುವುದಿಲ್ಲ. ಅಷ್ಟು ಪುಸ್ತಕ ಓದಿ ಏನು ಬಂತು?

ನವೆಂಬರ್ ಕೊನೆಯ ವಾರ ಆಶಾ ಕಾರ್ಯಕರ್ತೆ ಸೀಮಾ, ತಾಯಿ ಕಾರ್ಡು ಹಿಡಿದು ಬಂದಳು. ಬೆರಳು ಚುಚ್ಚಿ ರಕ್ತದ ಹಿಮೋಗ್ಲೋಬಿನ್ ನೋಡಿದಳು.

"ಎಂಟು ಪಾಯಿಂಟ್ ಎರಡ ಐತ್ರಿ ವೈನಿ. ಹನ್ನೊಂದ ಇರಬೇಕ್ರಿ."

"ನಮ್ಮ ಸೊಸಿದ?" ಎಂದಳು ಚಂದ್ರಮತಿ. "ನಿನ್ನ ಮಶೀನ ಕೆಟ್ಟಿರಬೇಕ ನೋಡು. ನಾಕ ಎಮ್ಮಿ ಹೈನದ ಮನಿ ಇದು."

"ಮಶೀನ ಛಲೋ ಐತ್ರಿ. ಕಬ್ಬಿನ ಗ್ಯಾಂಗಿನ ಕೆಂಚವ್ವಂದೂ ಇದರಾಗ ನೋಡೀನಿ. ಆಕೀದ ಹತ್ತೂವರಿ ಐತಿ."

ಕೆಂಚವ್ವ ಅವರದೇ ಹೊಲದ ಬದಿಗೆ ತಾಡಪತ್ರಿಯ ಗುಡಿಸಲಲ್ಲಿದ್ದ ಐದು ತಿಂಗಳ ಬಸುರಿ, ದಿನಗೂಲಿಯವಳು. ಚಂದ್ರಮತಿಯ ಮುಖ ಕೆಂಪಾಯಿತು.

"ಕಬ್ಬ ಕಡಿಯಾಕಿನ್ನ ತಂದು ನನ್ನ ಸೊಸಿ ಜೋಡಿ ತಕ್ಕಡ್ಯಾಗ ಹಾಕ್ತಿಯೇನ ಬೇ?"

"ಹಂಗಲ್ರಿ. ಆಕಿ ಹಸಿವಾದಾಗ ಉಣ್ತಾಳ್ರಿ, ಅಷ್ಟ." ಸೀಮಾ ಗುಳಿಗೆಯ ಪಟ್ಟಿಗಳನ್ನೂ ಅಂಗನವಾಡಿಯ ಹಿಟ್ಟಿನ ಪೊಟ್ಟಣಗಳನ್ನೂ ಮಣೆಯ ಮೇಲಿಟ್ಟು ಬ್ರಾಹ್ಮಿಯ ಕಡೆಗೆ ತಿರುಗಿದಳು. "ಕಬ್ಬಿಣದ ಗುಳಗಿ ಊಟಾದ ಮ್ಯಾಲ ನೀರಿನ ಜೋಡಿ ತಗೋಳ್ರಿ ಅಕ್ಕಾ. ಚಹಾದ ಜೋಡಿ ಬ್ಯಾಡ್ರಿ, ಮೈಗೆ ಹತ್ತಂಗಿಲ್ಲ. ಖಾಲಿ ಹೊಟ್ಟಿಲೆ ತಗೊಂಡ್ರ ವಾಂತಿ ಬರ್ತೈತಿ."

ಸೀಮಾ ಗೇಟು ದಾಟುವ ಮೊದಲೇ ಚಂದ್ರಮತಿ ಗುಳಿಗೆಗಳನ್ನು ಎತ್ತಿಟ್ಟಳು. "ಇದನ್ನ ನುಂಗಿದ್ರ ಕೂಸ ಕರ್ರಗ ಹುಟ್ಟತೈತಿ. ಸರಕಾರದ ಹಿಟ್ಟ ತಿನ್ನೂ ಪಾಳಿ ನಮ್ಮ ಮನಿಗೆ ಇನ್ನೂ ಬಂದಿಲ್ಲ."

ಮರುದಿನ ಹಿತ್ತಲಲ್ಲಿ ನಿಖಿಲ ಬುಟ್ಟಿಯಲ್ಲಿ ಹಿಂಡಿ ಕಲಸುತ್ತಿದ್ದ. ಪಕ್ಕದಲ್ಲಿ ಹರಿದ ಪೊಟ್ಟಣಗಳು ಬಿದ್ದಿದ್ದವು.

"ಏನ್ಲೇ ಅದು?" ಎಂದು ಚಂಪಾಬಾಯಿ ಕೇಳಿದಳು.

"ಅಂಗನವಾಡಿ ಹಿಟ್ಟ ಆತ್ಯಾ. ಆಯಿ ಎಮ್ಮಿಗೆ ಹಾಕಂದ್ಲು."

"ಗಬ್ಬ ಐತೇನ ಅದು?"

"ಐತಿ, ಏಳನೇ ತಿಂಗಳ. ದನದ ಡಾಕ್ಟರ್ ಹೇಳ್ಯಾನ, ಹೊತ್ತಹೊತ್ತಿಗೆ ಮೇವ ಬೀಳಬೇಕಂತ. ಒಂದ ಹೊತ್ತ ತಪ್ಪಿದ್ರೂ ಕರಾ ಸಣ್ಣದ ಹುಟ್ಟತೈತಂತ." ಅವನು ಬಹಳ ಕಾಳಜಿಯಿಂದ ಇನ್ನೊಂದು ಹಿಡಿ ಹಾಕಿದ. ತಾನು ಆಡಿದ ಮಾತು ತನ್ನ ಕಿವಿಗೇ ಬಿದ್ದಂತೆ ಕಾಣಲಿಲ್ಲ. ಚಂಪಾಬಾಯಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಅಲ್ಲಿ ಏನೂ ಸಿಗದೆ, ಒಳಗೆ ಹೋದಳು.

ಡಿಸೆಂಬರ್ ಕೊನೆಗೆ ನಿಖಿಲ ಹೆಂಡತಿಯನ್ನು ಅಥಣಿಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ. ಏಳು ಪಾಯಿಂಟ್ ನಾಲ್ಕು. ಆ ಸಂಜೆ ಅವನು ಭಕ್ರಿ ಮುರಿಯುತ್ತ ಸುದ್ದಿ ಹೇಳಿದ: "ಇನ್ನೊಂದ ತಿಂಗಳಾಗ ಏರಲಿಲ್ಲಂದ್ರ ಮೀರಜಿಗೆ ಹೋಗಿ ರಕ್ತ ಏರಸ್ಬೇಕಂತ. ಇಷ್ಟ ಕಮ್ಮಿ ಇದ್ರ ಹಡಿಯೂ ಮುಂದ ಜೀವಕ್ಕ ಅಪಾಯ ಐತಿ, ಕೂಸಿಗೂ ಐತಿ ಅಂದ್ಲು. ಆಯಿ, ಇನ್ನೊಂದ ಭಕ್ರಿ."

"ಕಣ್ಣ ಹಚ್ಯಾರ ಮಂದಿ," ಎಂದಳು ಚಂದ್ರಮತಿ, ಭಕ್ರಿ ಹಾಕುತ್ತ. "ಬಸರಿ ಕುಬಸಾ ಜೋರ ಮಾಡೂಣು. ಎಲ್ಲಾ ಇಳೀತೈತಿ."

"ಜೋರಂದ್ರ ಜೋರ," ಎಂದ ಭೀಮಗೊಂಡ. ಅವನ ತಲೆಯಲ್ಲಿ ಆಗಲೇ ಬೇರೊಂದು ಓಡುತ್ತಿತ್ತು. ಹಿಂದಿನ ವಾರ ಬಸದಿಯಲ್ಲಿ ಯಾರೋ ಸಂಯಮದ ಮಾತೆತ್ತಿದಾಗ, ತನ್ನ ಸೊಸೆ ಬಸುರಿಯಿದ್ದೂ ವಾರಕ್ಕೆ ನಾಲ್ಕು ಸಂಜೆ ಊಟ ಬಿಡುತ್ತಾಳೆಂದು ಅವನು ಹೇಳಿದ್ದ. ಜನ ಹುಬ್ಬೇರಿಸಿದ್ದರು. ಹುಬ್ಬೇರಿಸಿದವರ ಮುಂದೆ ಒಂದು ಶಾಲು ಹೊದಿಸಿದರೆ ಹೇಗೆ? "ಕುಬಸದಾಗನ ಆಕಿಗೆ ಸತ್ಕಾರ ಮಾಡೂಣು. ತ್ಯಾಗದ ಸತ್ಕಾರ."

ಬಾಗಿಲ ಬಳಿ ನಿಂತಿದ್ದ ಬ್ರಾಹ್ಮಿ ತಲೆ ತಗ್ಗಿಸಿದಳು. ಅವಳ ತುಟಿಯ ಮೇಲೆ ಸಣ್ಣ ನಗೆ ಬಂದದ್ದನ್ನು ಚಂಪಾಬಾಯಿ ನೋಡಿದಳು. ಮದುವೆಯಾಗಿ ಎರಡು ವರ್ಷದಲ್ಲಿ ಆ ಮನೆ ಅವಳನ್ನು ಹೊಗಳಿದ್ದು ಅದೇ ಮೊದಲು.

ಮರುದಿನ ಚಂಪಾಬಾಯಿ ಒಬ್ಬಳೇ ಬಸದಿಗೆ ಹೋದಳು. ಅಲ್ಲಿ ಬಂದು ತಂಗಿದ್ದ ಸನ್ಯಾಸಿನಿ ಮಾತಾಜಿಗೆ ಕೈಮುಗಿದು, ಬಸುರಿಯ ರಾತ್ರಿ ಊಟದ ಮಾತು ಕೇಳಿದಳು. ಮಾತಾಜಿ ಚೂರೂ ಯೋಚಿಸಲಿಲ್ಲ.

"ಬಸರಿಗೆ ನಾವ ಅಂಥಾ ನಿಯಮಾ ಕೊಡಂಗಿಲ್ಲ. ಇದನ್ನ ಯಾರ ಕೊಟ್ರು ಆಕಿಗೆ?"

"ಯಾರೂ ಕೊಟ್ಟಿಲ್ರಿ."

"ಮತ್ತ ಆಕಿ ಹೆಂಗ ಹಿಡದಾಳ?"

ಚಂಪಾಬಾಯಿ ಮತ್ತೊಮ್ಮೆ ಕೈಮುಗಿದು ಎದ್ದಳು.

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ತಮ್ಮನ ಹೆಂಡತಿಯನ್ನು ನಿಲ್ಲಿಸಿದಳು. ಚಂದ್ರಮತಿ ಹಿಟ್ಟು ನಾದುತ್ತಿದ್ದಳು.

"ಇವತ್ತಿಂದ ಸಂಜೀಕ ಆಕಿಗೆ ಮೊದಲ ಬಡಸು. ಐದಕ್ಕ."

"ಗಂಡಸರಕಿಂತ ಮೊದಲ?"

"ಹೂಂ, ಮೊದಲ."

ಚಂದ್ರಮತಿ ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿದಳು. "ಅಕ್ಕಾರ, ನಾ ಈ ಮನಿಗೆ ಬಂದ ವರ್ಷ ಒಮ್ಮೆ ಮೊದಲ ಉಣ್ಣಾಕ ಕೂತಿದ್ದೆ. ಮೈಯಾಗ ಜ್ವರಾ ಇದ್ವು. ನನ್ನ ಮುಂದಿನ ತಾಟ ಎತ್ತಿ ಒಯ್ದಾಕಿ ಯಾರು?"

ಚಂಪಾಬಾಯಿ ಒಲೆಯ ಕಡೆ ನೋಡಿದಳು.

"ಹೇಳ್ರಲಾ. ಯಾರು?"

"ನಾ."

"ಏನಂದಿದ್ರಿ? 'ನಾಯಿಗೂ ಇಷ್ಟ ಅವಸರ ಇರಂಗಿಲ್ಲ' ಅಂದಿದ್ರಿ. ತಾಟಿನಾಗ ಮಡಿಕಿಕಾಳಿನ ಪಲ್ಯಾ ಇತ್ತು. ನಾ ಮರತಿಲ್ಲ."

"ತಪ್ಪ ಮಾಡಿದ್ದೆ ಚಂದ್ರಮತಿ."

"ಮೂವತ್ತ ವರ್ಷಕ್ಕ ಗೊತ್ತಾತು? ನಾ ಅನುಭವಿಸೂತನಕ ಕಾಯ್ದೆ ಒಂದು, ನನ್ನ ಸೊಸಿ ಬಂದ ಕೂಡ್ಲೆ ಕಾಯ್ದೆ ಇನ್ನೊಂದು?" ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿ ಜೋರಾಗಿ ಗುದ್ದಿದಳು. "ನೀವ ದಿನಕ್ಕ ಒಂದ ಊಟಾ ಮಾಡಿ ದೊಡ್ಡವರಾದ್ರಿ. ಮಧ್ಯಾನ ಬಿಸಿಬಿಸಿ ನಾ ಬಡಸಿದ್ದು. ನಿಮಗ ಸಂಜಿ ಹಸಿವಿ ಏನ ಗೊತ್ತೈತ್ರಿ?"

ಮಾತು ಚುಚ್ಚಿತು, ಏಕೆಂದರೆ ಅದು ನಿಜ. ತಮ್ಮನನ್ನೂ ಅವನ ಹೆಂಡತಿಯನ್ನೂ ತುಚ್ಛವಾಗಿ ನೋಡುತ್ತ ಹೊಸ್ತಿಲಲ್ಲಿ ಕೂತ ಚಂಪಾಬಾಯಿಗೆ ಅಂದು ಮೊದಲ ಸಲ ಆ ಸಾಲಿನಲ್ಲಿ ತನ್ನ ಮುಖವೂ ಕಂಡಿತು. ಅವಳು ಐದು ಗಂಟೆಗೆ ತಾನೇ ಬಡಿಸಲು ನೋಡಿದಳು. ಬ್ರಾಹ್ಮಿ ಒಲ್ಲೆ ಎಂದಳು. "ಬ್ಯಾಡ್ರಿ ಆತ್ಯಾ, ಆಯಿ ಸಿಟ್ಟಾಗ್ತಾರ. ಮತ್ತ ಮಾವ ಮಂದಿಗೆಲ್ಲಾ ಹೇಳ್ಯಾರ."

"ಮಂದಿಗೆ ಹೇಳಿದ್ರ ನಿನ್ನ ಹೊಟ್ಟಿ ತುಂಬತೈತೇನ?"

ಬ್ರಾಹ್ಮಿ ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು, ಮೂರನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡಳು.

ಕುಬಸ ಜನವರಿ ಕೊನೆಯ ಭಾನುವಾರ. ಬಸುರಿಗೆ ಹಸಿರು ಸೀರೆ ಉಡಿಸಿ, ಬಯಸಿದ್ದನ್ನೆಲ್ಲ ಉಣಿಸಿ ತವರಿಗೆ ಕಳಿಸುವ ದಿನ. ಸಾಂಗಲಿಯಿಂದ ಅಲಂಕಾರದವರು ಬಂದು ಅಂಗಳದಲ್ಲಿ ಹೂವಿನ ತೊಟ್ಟಿಲು, ಹೂವಿನ ಬಿಲ್ಲು, ಥರ್ಮಾಕೋಲಿನ ಚಂದ್ರ ನಿಲ್ಲಿಸಿದರು. ಬೀಗರು, ನೆಂಟರು ಮೂವತ್ತೆರಡು ಬಗೆಯ ಊಟ ತಂದರು: ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಕಡುಬು, ಮಾದಲಿ, ಕರ್ಚಿಕಾಯಿ, ಅಂಟಿನ ಉಂಡಿ, ಐದು ತರದ ಅನ್ನ. ಮಧ್ಯಾಹ್ನ ಗಂಡಸರ ಪಂಕ್ತಿ ಆಯಿತು, ನಂತರ ಬಂದ ಹೆಂಗಸರ ಪಂಕ್ತಿ ಆಯಿತು. ಬ್ರಾಹ್ಮಿ ಮುಂಜಾನೆ ಕುಡಿದ ಚಹಾದ ಮೇಲಿದ್ದಳು.

"ಬಯಕಿ ಊಟಾ ಐತೆಲಾ, ಈಗ್ಯಾಕ ಹೊಟ್ಟಿ ತುಂಬಸ್ಕೋತಿ?" ಎಂದಿದ್ದಳು ಚಂದ್ರಮತಿ.

ನಾಲ್ಕಕ್ಕೆ ಶುರುವಾಗಬೇಕಿದ್ದ ಕಾರ್ಯ ಐದಕ್ಕೆ ಶುರುವಾಯಿತು. ಫೋಟೋದವನು ಅವಳನ್ನು ತೊಟ್ಟಿಲಲ್ಲಿ ಕೂರಿಸಿದ, ಬಿಲ್ಲಿನ ಕೆಳಗೆ ನಿಲ್ಲಿಸಿದ, ಚಂದ್ರನಿಗೆ ಒರಗಿಸಿದ. ಮುಂದೆ ತಾಟುಗಳನ್ನು ಹರಡಿ, ನಿಖಿಲನ ಕೈಗೆ ಹೋಳಿಗೆಯ ತುಂಡು ಕೊಟ್ಟ.

"ಸರ್, ತುತ್ತ ಮ್ಯಾಡಮ್ ಬಾಯಿ ಹಂತೇಕ ಹಿಡೀರಿ. ಮ್ಯಾಡಮ್, ನಗ್ರಿ. ತಿನಬ್ಯಾಡ್ರಿ, ಬಾಯಾಗ ಇದ್ರ ಗಲ್ಲ ಉಬ್ಬಿ ಫೋಟೋ ಕೆಡತೈತಿ."

ಬ್ರಾಹ್ಮಿ ಬಾಯಿ ತೆರೆದು ನಕ್ಕಳು. ತುಪ್ಪ ಹಚ್ಚಿದ ಹೋಳಿಗೆ ತುಟಿಯಿಂದ ಎರಡು ಬೆರಳ ದೂರದಲ್ಲಿ ಹನ್ನೊಂದು ಸಲ ಬಂದು ಹನ್ನೊಂದು ಸಲ ವಾಪಸು ಹೋಯಿತು. ಕೊನೆಗೆ ಅದನ್ನು ನಿಖಿಲನೇ ತಿಂದ.

ಆರು ಗಂಟೆಗೆ ಭೀಮಗೊಂಡ ಮೈಕು ಹಿಡಿದ. ಶಾಲು ಹೊದಿಸಿದ. "ನಮ್ಮ ಸೊಸಿ ಕಾರ್ತಿಕದಿಂದ ಇವತ್ತಿನ ತನಕ ಒಟ್ಟ ನಲವತ್ತೇಳ ಸಂಜಿ ಊಟಾ ತ್ಯಾಗ ಮಾಡ್ಯಾಳ. ಇಂದಿನ ಪೀಳಿಗಿ ಹೆಣ್ಣಮಕ್ಕಳು ಪಿಜ್ಜಾ, ಬರ್ಗರ್ ಅಂತ ಬಾಯಿ ಬಿಡೂ ಕಾಲದಾಗ..." ಪೀಳಿಗೆಯಿಂದ ಸಂಸ್ಕೃತಿಗೆ ಹೋದ, ಸಂಸ್ಕೃತಿಯಿಂದ ತನ್ನ ಅಜ್ಜನಿಗೆ, ಅಜ್ಜನಿಂದ ತನಗೆ. ಹಿಂದಿನ ಸಾಲಿನಲ್ಲಿ ಕೂತ ಸೀಮಾ ಬ್ರಾಹ್ಮಿಯ ಬೆಳ್ಳಗಿನ ತುಟಿ ನೋಡುತ್ತ ಎರಡು ಸಲ ಏಳಲು ಹೋಗಿ ಕೂತಳು. ಭಾಷಣ ಮುಗಿದಾಗ ಭೀಮಗೊಂಡ ಫೋನು ತೆಗೆದು ನೋಡಿದ. ಆರು ಇಪ್ಪತ್ತಾರು. ಕ್ಯಾಲೆಂಡರಿನಲ್ಲಿ ಅಂದು ಸೂರ್ಯಾಸ್ತ ಆರು ಇಪ್ಪತ್ನಾಲ್ಕು.

"ಹೊತ್ತ ಮುಳಗಿ ಎರಡ ಮಿನಿಟ ಆತು," ಎಂದ ಗಂಭೀರವಾಗಿ. "ತಾಟ ಮುಚ್ಚರಿ. ನಲವತ್ತೆಂಟನೇ ಸಂಜಿ ಇದು!"

ಕೆಲವರು ಚಪ್ಪಾಳೆ ತಟ್ಟಿದರು. ಚಂದ್ರಮತಿ ತಾಟುಗಳ ಮೇಲೆ ಬಿಳಿ ಬಟ್ಟೆ ಎಳೆದಳು. ಬ್ರಾಹ್ಮಿಯ ತಾಯಿ ಎದ್ದು ನಿಂತು, ಬೀಗರ ಮನೆಯಲ್ಲಿ ಏನು ಹೇಳಬೇಕೋ ತಿಳಿಯದೆ, ಸೆರಗಿನ ತುದಿ ತಿರುವಿದಳು.

ಚಂಪಾಬಾಯಿ ಮಣೆಯಿಂದ ಎದ್ದಳು. ಬಂದು, ಬಟ್ಟೆ ತೆಗೆದಳು.

"ಕೂಡ್ರು ಬ್ರಾಹ್ಮಿ."

"ಅಕ್ಕಾ, ಏನ ನಡಿಸೀದಿ?" ಭೀಮಗೊಂಡ ಮೈಕು ಕೆಳಗಿಳಿಸದೆ ಕೇಳಿದ, ಮಾತು ಅಂಗಳದ ತುಂಬ ಕೇಳಿಸಿತು. "ಮಂದಿ ಅದಾರ."

"ಮಾತಾಜಿಗೆ ಕೇಳಿ ಬಂದೀನಿ. ಬಸರಿಗೆ ನಿಯಮಾ ಇಲ್ಲ."

"ನಾವ ಎಲ್ಲಿ ಹಾಕೀವಿ? ಆಕಿನ ಮನಸ ಪೂರ್ತಿ ಬಿಟ್ಟಾಳ." ಅವನು ಸೊಸೆಯ ಕಡೆಗೆ ತಿರುಗಿದ. "ಹೇಳವಾ ಎಲ್ಲಾರ ಮುಂದ, ಯಾರರೆ ಒತ್ತಾಯ ಮಾಡ್ಯಾರೇನ?"

ಬ್ರಾಹ್ಮಿ ಹೆಗಲ ಮೇಲಿನ ಶಾಲನ್ನು ನೋಡಿದಳು, ಗಂಡನನ್ನು ನೋಡಿದಳು. ನಿಖಿಲ ಫೋಟೋದವನ ಕ್ಯಾಮೆರಾದಲ್ಲಿ ಫೋಟೋ ನೋಡುತ್ತಿದ್ದ.

"ಇಲ್ರಿ ಮಾವ," ಎಂದಳು.

"ಕೇಳ್ದಿ?" ಎಂದ ಭೀಮಗೊಂಡ.

ಚಂಪಾಬಾಯಿ ಹೋಳಿಗೆಯ ತುತ್ತು ಮುರಿದು ಬ್ರಾಹ್ಮಿಯ ಬಾಯಿಯ ಹತ್ತಿರ ಒಯ್ದಳು. ಬ್ರಾಹ್ಮಿ ಮುಖ ತಿರುಗಿಸಿದಳು. "ಎಲ್ಲಾರೂ ನೋಡಾಕತ್ತಾರ್ರಿ ಆತ್ಯಾ."

"ಹಂಗಾರ ಛಲೋ ನೋಡ್ಲಿ."

ಅವಳು ಆ ತುತ್ತನ್ನು ತನ್ನ ಬಾಯಿಗೆ ಇಟ್ಟುಕೊಂಡಳು. ಅಂಗಳದಲ್ಲಿ ಯಾರೋ "ಅಯ್ಯೋ" ಎಂದರು. ಚಂಪಾಬಾಯಿ ಅವಸರ ಮಾಡದೆ ಅಗಿದಳು. ಬೆಲ್ಲ, ಏಲಕ್ಕಿ, ತಣ್ಣಗಾದ ತುಪ್ಪ. ಹಲ್ಲು ಕಡಿಮೆಯಾಗಿದ್ದರಿಂದ ಹೊತ್ತು ಹಿಡಿಯಿತು. ಎಲ್ಲರೂ ಅಷ್ಟೂ ಹೊತ್ತು ನಿಂತು ನೋಡಿದರು. ನುಂಗಿದಳು.

"ಮುಗೀತ ನಂದು," ಎಂದಳು. "ಪ್ರಾಯಶ್ಚಿತ್ತ ಎಷ್ಟ ಬೀಳತೈತಿ ನಾ ಮಾತಾಜಿ ಹಂತೇಕ ಕೇಳ್ಕೋತೀನಿ. ಇನ್ನ ಈ ಮನ್ಯಾಗ ಹೊತ್ತ ಮುಳಗಿದ ಮ್ಯಾಲ ಉಂಡಾಕಿ ನೀ ಒಬ್ಬಾಕಿನ ಆಗಂಗಿಲ್ಲ. ಹಸಿದೀಯೋ ಇಲ್ಲೋ, ಅಷ್ಟ ಹೇಳು."

ಬ್ರಾಹ್ಮಿ ತಾಟು ನೋಡಿದಳು. "ಹಸದೀನ್ರಿ," ಎಂದಳು ಮೆಲ್ಲಗೆ. ನಂತರ, ಹಿಂದಿನ ಸಾಲಿಗೂ ಕೇಳುವಂತೆ: "ಭಾಳ ದಿನದಿಂದ ಹಸದೀನ್ರಿ ಆತ್ಯಾ."

ಶಾಲು ಹೆಗಲಿನಿಂದ ಜಾರಿ ಹಿಂದೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಅವಳು ಚಕ್ಕಳಮಕ್ಕಳ ಹಾಕಿ ಕೂತು ಹೋಳಿಗೆಗೆ ಕೈ ಹಾಕಿದಳು. ಎರಡನೆಯ ಹೋಳಿಗೆಯ ನಂತರ ಹೆಸರುಕಾಳಿನ ಪಲ್ಯದ ಬೋಗುಣಿಯನ್ನೇ ತನ್ನೆಡೆಗೆ ಎಳೆದುಕೊಂಡಳು. ಅವಳ ತಾಯಿ ಬಂದು ಪಕ್ಕದಲ್ಲಿ ಕೂತು ಅನ್ನ ಕಲಸತೊಡಗಿದಳು. ಸೀಮಾ ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ತಾಟಿನ ಪಕ್ಕ ಇಟ್ಟಳು.

"ನಿಖಿಲ," ಎಂದಳು ಚಂಪಾಬಾಯಿ. "ನೀರ ತಗೊಂಡ ಬಾ."

ನಿಖಿಲ ಅಪ್ಪನ ಮುಖ ನೋಡಿದ. ಅಪ್ಪ ಮೈಕಿನ ವೈರು ಬಿಚ್ಚುವುದರಲ್ಲಿ ಬಹಳ ತೊಡಗಿದ್ದ. ನಿಖಿಲ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗಿದ: "ಆಯಿ, ವಾಟೆ ಎಲ್ಲಿ ಇಟ್ಟಿರ್ತಿ?"

ಇಪ್ಪತ್ತೊಂಬತ್ತು ವರ್ಷ ಅವನು ಆ ಮನೆಯ ಲೋಟಗಳಲ್ಲಿ ನೀರು ಕುಡಿದಿದ್ದ.

ಚಂದ್ರಮತಿ ಅಭ್ಯಾಸದಂತೆ ಒಳಗೆ ಹೆಜ್ಜೆ ಹಾಕಿದಳು.

"ನೀ ನಿಂದರು," ಎಂದಳು ಚಂಪಾಬಾಯಿ. "ಹುಡುಕ್ಲಿ ಅಂವ."

ಚಂದ್ರಮತಿ ಕೂರಲಿಲ್ಲ, ನಾದಿನಿಯ ಮುಖವನ್ನೂ ನೋಡಲಿಲ್ಲ. ಆದರೆ ಹೊಸ್ತಿಲು ದಾಟಲಿಲ್ಲ. ಒಳಗೆ ಒಂದರ ಹಿಂದೊಂದು ಪಾತ್ರೆಗಳು ಕೆಳಗೆ ಬೀಳುತ್ತಿದ್ದವು. ಬ್ರಾಹ್ಮಿ ತಲೆಯೆತ್ತದೆ ಉಣ್ಣುತ್ತಿದ್ದಳು.